ಸೆಕೆಂಡಿನ ಮುಳ್ಳಿನ ಜಂಬ

ನನ್ನ ಗಂಡನ ಕೈಗಡಿಯಾರ ಒಂದು ಸೆಕೆಂಡನ್ನೂ ಬಿಡದೆ, ಬಲು ಕರಾರುವಾಕ್ಕಾಗಿ, ತಪ್ಪು ಟೈಮು ತೋರಿಸುತ್ತದೆ. ಒಂದು ದಿನ ಓಡುತ್ತದೆ, ಒಂದು ದಿನ ಕುಂಟುತ್ತದೆ. ಹೊಳೆನರಸೀಪುರದ ಬಸ್ ಸ್ಟ್ಯಾಂಡಿನಲ್ಲಿ ಅದನ್ನು ನೋಡಿಕೊಂಡು ಇವರು "ಇನ್ನೂ ಟೈಮೈತೆ ಕಣೇ" ಅನ್ನುವ ಹೊತ್ತಿಗೆ ಬಸ್ಸು ಚನ್ನರಾಯಪಟ್ಟಣದ ದಾರಿ ಹಿಡಿದು, ನಮಗೆ ಧೂಳು ಮಾತ್ರ ಉಳಿದಿರುತ್ತದೆ. ಗಂಟೆಯೇ ಸರಿಯಿಲ್ಲದ ವಾಚಿಗೆ ಸೆಕೆಂಡಿನ ಮುಳ್ಳು ಬೇರೆ! ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು.

ಆದರೂ ಅದನ್ನು ಬೈಯುವಾಗ ನಾನು ಸ್ವಲ್ಪ ದನಿ ತಗ್ಗಿಸುತ್ತೇನೆ. ನಮ್ಮ ಮದುವೆ ನಿಂತುಹೋಗುವ ಹಾಗಾದದ್ದೂ ಅದರಿಂದಲೇ, ನಡೆದದ್ದೂ ಅದರಿಂದಲೇ.

ಮದುವೆ ಮಲ್ಲಿಪಟ್ಟಣದಲ್ಲಿ, ನಮ್ಮ ಮನೆ ಮುಂದಿನ ಚಪ್ಪರದಲ್ಲಿ. ಗಂಡಿನ ಕಡೆಯವರು ಉಪ್ಪಿಟ್ಟನ್ನು ಮತ್ತೆ ಮತ್ತೆ ಹಾಕಿಸಿಕೊಂಡು ತೇಗಿ ಏಳುತ್ತಿದ್ದಂತೆ, ನಮ್ಮ ಮಾವನವರು ಮಗನ ವಾಚು ನೋಡಿ, "ಧಾರೆ ಮೂರ್ತ ಮೀರೋಯ್ತಲ್ರೀ ಬೀಗ್ರೇ!" ಎಂದು ಕೂಗಿದರು. ನಮ್ಮ ನಡುಮನೆಯ ಗೋಡೆ ಗಡಿಯಾರದಲ್ಲಿ ಮುಹೂರ್ತ ಇನ್ನೂ ಬಾಕಿಯಿತ್ತು. ಅಪ್ಪ ಅದನ್ನು ತೋರಿಸಿದರೆ, "ಇದು ಸೆಕೆಂಡಿನ ಮುಳ್ಳಿರೋ ವಾಚು ಕಣ್ರೀ, ಸುಳ್ಳೇಳ್ತದಾ?" ಅಂದರು. ಅಷ್ಟೇ, ಚಪ್ಪರಕ್ಕೆ ಚಪ್ಪರವೇ ವಾಚಿನ ಪಕ್ಷ ಸೇರಿತು. ಹಿಂದಿನವರು ತಳದಲ್ಲಿ ತೂತಿದ್ದ ತಾಮ್ರದ ಬಟ್ಟಲನ್ನು ನೀರಿನಲ್ಲಿ ತೇಲಿಬಿಟ್ಟು, ಅದು ಮುಳುಗಿದರೆ ಒಂದು ಗಳಿಗೆ ಅನ್ನುತ್ತಿದ್ದರಂತೆ. ಅವರಿಗೆ ಮದುವೆಯಾಗಿ ನಾವೆಲ್ಲ ಹುಟ್ಟಲಿಲ್ಲವೇ? ಜೋಯಿಸರು ಸೂರ್ಯನನ್ನಾದರೂ ಕೇಳೋಣವೆಂದು ತಲೆಯೆತ್ತಿದರೆ ಮೋಡ.

"ಇನ್ನು ಆಸಾಡ ಕಳದ ಮ್ಯಾಲೇ" ಎಂದರು ಮಾವ. ನನಗೆ ಅಳು ನುಗ್ಗಿ ಬಂತು. ಹುಡುಗ ನನಗೆ ಮನಸಾರೆ ಹಿಡಿಸಿದ್ದ. ಮುಂದಕ್ಕೆ ಹೋದ ಮದುವೆ ಮುರಿದ ಹಾಗೇ ಎಂದೂ ಗೊತ್ತಿತ್ತು.

ಆಗ ನಮ್ಮಜ್ಜಿ ಸೆರಗು ಸಿಕ್ಕಿಸಿಕೊಂಡು ಮದುಮಗನ ಮುಂದೆ ನಿಂತಳು.

"ಲೋ ಮಗಾ, ಇದನ್ನ ಇಂದಕ್ಕೆ ತಿರುಗ್ಸಕ್ಕಾಯ್ತದಾ?"

"ಆಯ್ತದಜ್ಜಿ."

"ಅಂಗಾರೆ ತಿರುಗ್ಸು. ಎಣ್ಣು ಬೇಕೋ ಬ್ಯಾಡ್ವೋ?"

ಇವರು ಅವರಪ್ಪನ ಮುಖ ನೋಡಿದರು, ನನ್ನ ಮುಖ ನೋಡಿದರು, ಆಮೇಲೆ ಕೀಲಿಯ ತಿರುಪು ಎಳೆದು ಮುಳ್ಳನ್ನು ಹಿಂದಕ್ಕೆ ತಿರುಗಿಸಿಯೇಬಿಟ್ಟರು.

"ಈಗ ನೋಡಿ ಸೋಮಿ, ಮೂರ್ತ ಐತಾ?" ಎಂದಳು ಅಜ್ಜಿ.

ಜೋಯಿಸರು ಬಗ್ಗಿ ನೋಡಿ, "ಬೇಕಾದಷ್ಟಿದೆ. ಗಟ್ಟಿಮೇಳ, ಗಟ್ಟಿಮೇಳ!" ಎಂದರು. ಓಲಗ ಮೊಳಗಿತು. ಮಾವನವರ ಬಾಯಿ ತೆರೆದದ್ದು ಕಂಡಿತು, ಮಾತು ಕೇಳಿಸಲಿಲ್ಲ.

ಹೀಗೆ ನನಗೆ ತಾಳಿ ಬಿದ್ದ ಗಳಿಗೆ ಯಾವ ಪಂಚಾಂಗದಲ್ಲೂ ಇಲ್ಲ. ಶನಿಗೂ ರಾಹುವಿಗೂ ಅದರ ವಿಳಾಸ ಸಿಕ್ಕಿರಲಾರದು. ಜಗಳವಾಡಿಕೊಂಡೇ ನಾವು ಚೆನ್ನಾಗಿದ್ದೇವೆ. ಮೊನ್ನೆ ಬಸ್ಸು ತಪ್ಪಿದಾಗ ಇವರು ಮುಖ ಸಣ್ಣಗೆ ಮಾಡಿಕೊಂಡು, "ಅರಕಲಗೂಡಲ್ಲಿ ರಿಪೇರಿಗೆ ಕೊಟ್ಬುಡ್ಲೇನೇ?" ಎಂದು ಕೇಳಿದರು.

"ಬ್ಯಾಡಿ," ಅಂದೆ. "ಅದೇನಾದ್ರೂ ಸರ್ಯಾದ ಟೈಮು ಯೇಳ್ಬುಟ್ರೆ ನಮ್ಮ ಮದ್ವೆ ಗತಿ?"