ಅತ್ತೆಯ ಕೈಗೆ ಬಂದ ಕರಿ ಪೈಪು

ನಾನು ಮದುವೆಯಾಗಿ ಪಂಜದ ಹತ್ತಿರದ ಮನೆಗೆ ಬಂದಾಗ ಅಲ್ಲಿನ ನೀರು ಹಿಂದಿನ ಗುಡ್ಡಕ್ಕೆ ಕೊರೆದ ಸುರಂಗದಿಂದ ಬರುತ್ತಿತ್ತು. ಅಡಿಕೆ ಮರ ಸೀಳಿ, ತಿರುಳು ತೆಗೆದು ಮಾಡಿದ ದಂಬೆಗಳನ್ನು ಒಂದಕ್ಕೊಂದು ಜೋಡಿಸಿದ್ದರು. ನೀರಿನ ಜೊತೆ ತರಗೆಲೆ ಬರುತ್ತಿತ್ತು, ಕೆಲವೊಮ್ಮೆ ಕಪ್ಪೆಯೂ ಬರುತ್ತಿತ್ತು.

ಅರವತ್ತರ ದಶಕದ ಕೊನೆಗೆ ನನ್ನ ಯಜಮಾನರು ಪುತ್ತೂರಿನಿಂದ ಕಪ್ಪು ಪ್ಲಾಸ್ಟಿಕ್ ಪೈಪಿನ ದೊಡ್ಡ ಸುರುಳಿಯನ್ನು ಬಸ್ಸಿನ ಮೇಲೆ ಹಾಕಿಸಿಕೊಂಡು ಬಂದರು. ಮಾವ ಅದನ್ನು ಬೆರಳಿನಿಂದ ಒತ್ತಿ ನೋಡಿ, ಇದು ಒಂದು ಬೇಸಗೆ ಬಾಳಿದರೆ ಹೆಚ್ಚು ಎಂದರು. ಯಜಮಾನರು ಅದನ್ನು ಗುಡ್ಡದ ಮೇಲೆ ಹಾಗೇ ನೆಲದಲ್ಲಿ ಎಳೆದು ಬಿಟ್ಟರು. ಸಂಜೆ ಹಂಡೆಗೆ ತಿಳಿನೀರು ಬಿತ್ತು. ಎಲ್ಲರಿಗೂ ಸಂತೋಷ.

ಸಂತೋಷ ವಾರವಷ್ಟೇ ಉಳಿಯಿತು. ಮಧ್ಯಾಹ್ನ ಪೈಪಿನಿಂದ ಸ್ನಾನದ ನೀರಿನಷ್ಟು ಬಿಸಿ ನೀರು ಬರತೊಡಗಿತು. ದನ ತುಳಿದು ಒಂದು ಕಡೆ ಮಡಚಿಹೋಯಿತು. ಕಲ್ಲಿನ ಅಂಚಿಗೆ ತಾಗಿ ತಾಗಿ ಸವೆದು ಇನ್ನೊಂದು ಕಡೆ ತೂತಾಯಿತು. ಮಾವ ಹಳೆಯ ದಂಬೆಗಳನ್ನು ಎಣಿಸತೊಡಗಿದರು.

ಆಗ ಅತ್ತೆ ಸೆರಗು ಸಿಕ್ಕಿಸಿಕೊಂಡು ಹೊರಟರು. ಅಡುಗೆ ಮನೆಯಲ್ಲಿ ಒಂದು ಸೌಟು ಜಾಗ ತಪ್ಪಿದರೂ ಸಹಿಸದ ಹೆಂಗಸು ಅವರು. ನನ್ನನ್ನೂ ಕರೆದುಕೊಂಡು ಹೋಗಿ ಗೇಣು ಆಳದ ಚರಂಡಿ ತೋಡಿಸಿದರು. ಒಳಗಿನ ಕಲ್ಲುಗಳನ್ನು ಅಕ್ಕಿಯಲ್ಲಿ ಆರಿಸುವ ಹಾಗೆ ಆರಿಸಿ, ಕೆಳಗೆ ಹರಿಯುವ ತೋಡಿನಿಂದ ತಂದ ಹೊಯ್ಗೆ, ಅಂದರೆ ಮರಳು, ಹಾಸಿ ಪೈಪು ಮಲಗಿಸಿದರು. ತೂತಾದಲ್ಲಿ ಹಳೆ ಬಟ್ಟೆ, ಬಂಡೆ ದಾಟುವಲ್ಲಿ ಅಡಿಕೆ ಹಾಳೆ ಸುತ್ತಿ ತೆಂಗಿನ ಹಗ್ಗ ಬಿಗಿದರು. ದನ ದಾಟುವಲ್ಲಿ ಹಳೆಯ ದಂಬೆಯನ್ನು ಕವುಚಿ ಮುಚ್ಚಿದರು. ಪೈಪು ಹಾವಿನ ಹಾಗೆ ಡೊಂಕಾಯಿತಲ್ಲ ಎಂದು ಯಜಮಾನರು ಕೇಳಿದರು. ಬೆಳಿಗ್ಗೆ ತಣ್ಣಗಾದಾಗ ಅದು ಗಿಡ್ಡವಾಗಿ ಸುರಂಗದ ಬಾಯಿಯಿಂದ ಜಾರುವುದನ್ನು ಅತ್ತೆ ನೋಡಿದ್ದರು. ಸ್ವಲ್ಪ ಸಡಿಲ ಇರಲಿ ಎಂದು ಮೇಲೆ ಮಣ್ಣು ಎಳೆದರು.

ಎರಡು ತಿಂಗಳು ತೊಂದರೆ ಇಲ್ಲದೆ ಕಳೆಯಿತು. ಒಂದು ದಿನ ಹಂಡೆ ತುಂಬಿತೆಂದು ಅತ್ತೆ ಗುಡ್ಡ ಹತ್ತಿ ಪೈಪಿನ ಬಾಯಿ ಮುಚ್ಚಿ ನೀರು ನಿಲ್ಲಿಸಿ ಬಂದಿದ್ದರು. ಮಧ್ಯಾಹ್ನ ಮತ್ತೆ ನೀರು ಬಿಟ್ಟರೆ ಹಂಡೆಗೆ ಒಂದು ಹನಿಯೂ ಇಲ್ಲ. ಪೈಪಿನ ದಾರಿ ಹಿಡಿದು ಹತ್ತಿದೆವು. ಬಸಳೆ ಚಪ್ಪರದ ಪಕ್ಕ ಮಾವ ತರಗೆಲೆ ಮೇಲೆ ಮಣ್ಣು ಮುಚ್ಚಿ, ಬೆಂಕಿ ಹಾಕಿ ಗಿಡಗಳಿಗೆ ಸುಡುಮಣ್ಣು ಮಾಡುತ್ತಿದ್ದರು. ಆ ಮಣ್ಣನ್ನು ಕೆರೆದದ್ದು ಪೈಪಿನ ಮೇಲಿಂದಲೇ. ಮೇಲೆ ಮಣ್ಣೂ ಒಳಗೆ ನೀರೂ ಇಲ್ಲದ ಪೈಪು ಮೊಳದುದ್ದ ಕರಗಿ ಬೆಲ್ಲದ ಪಾಕದಂತೆ ಅಂಟಿಕೊಂಡಿತ್ತು.

ಮಾವ ಕೋಲೂರಿ ನಿಂತೇ ಇದ್ದರು. ಅತ್ತೆ ಬೈಯಲಿಲ್ಲ. "ಬೆಂಕಿಯಿಂದ ಕಾಯ್ಬೇಕು ಅಂತ ನನಗೂ ಹೊಳೀಲಿಲ್ಲ," ಎಂದರು.

ಯಜಮಾನರು ಸುಳ್ಯಕ್ಕೆ ಹೋಗಿದ್ದರು. ಕರಗಿದ ತುದಿಯನ್ನು ನೋಡುತ್ತಿದ್ದ ನನಗೆ ಒಂದು ಯೋಚನೆ ಬಂತು. ಬಿಸಿಗೆ ಇಷ್ಟು ಮೆತ್ತಗಾಗುವುದಾದರೆ ಎರಡು ತುದಿ ಜೋಡಿಸಲು ಕುದಿಯುವ ನೀರು ಸಾಕಲ್ಲ? ಅತ್ತೆಗೆ ಹೇಳಿದೆ. "ಮಾಡಿ ನೋಡು. ಹಾಳಾಗ್ಲಿಕ್ಕೆ ಇನ್ನೆಂತ ಉಂಟು?" ಎಂದರು.

ಕೆಟ್ಟ ಭಾಗ ಕತ್ತರಿಸಿದೆವು. ಚೊಂಬಿನ ಕುದಿನೀರಲ್ಲಿ ಒಂದು ತುದಿ ಅದ್ದಿ, ಚೂಪು ಮಾಡಿದ ಮರದ ಗೂಟ ತುರುಕಿ ಬಾಯಿ ಅಗಲಿಸಿದೆ. ಡೊಂಕು ಬಿಟ್ಟಿದ್ದರಿಂದ ಇನ್ನೊಂದು ತುದಿ ಎಳೆದರೆ ಬಂತು. ಗೂಟ ತೆಗೆದ ಕೂಡಲೇ ಆ ತುದಿಯನ್ನು ಒಳಗೆ ತಳ್ಳಿ, ಮೇಲೆ ತಣ್ಣೀರು ಹೊಯ್ದೆ. ಕೈ ಸ್ವಲ್ಪ ಸುಟ್ಟಿತು. ಮಾವ ತಾವಾಗಿ ಮೇಲೆ ಹೋಗಿ ನೀರು ಬಿಟ್ಟರು. ಜೋಡಣೆಯಲ್ಲಿ ಒಂದು ಹನಿ ಸೋರಲಿಲ್ಲ. ಅವರು ಇಳಿದು ಬಂದು ಎರಡೆರಡು ಸಲ ಮುಟ್ಟಿ ನೋಡಿ, "ಇನ್ನು ಇದು ಹೋಗುವ ದಾರಿ ನನಗೆ ತೋರಿಸಿಡಿ," ಎಂದರು.

ಮರುದಿನ ಅವರೇ ತೆಂಗಿನ ಗೆರಟೆಗಳಿಗೆ ಸುಣ್ಣ ಬಳಿದು, ಕೋಲಿನ ತುದಿಗೆ ಕವುಚಿ, ಸುರಂಗದಿಂದ ಅಂಗಳದವರೆಗೆ ಸಾಲಾಗಿ ನೆಟ್ಟರು. ನೆಂಟರು ಬಂದು ಇದು ಯಾವ ಪೂಜೆ ಎಂದು ಕೇಳುವರು. ಮಾವ ಗಂಭೀರವಾಗಿ ಅವರನ್ನು ಗುಡ್ಡಕ್ಕೆ ಹತ್ತಿಸಿ, ಹೊಯ್ಗೆ, ಹಾಳೆ, ದಂಬೆ ಎಲ್ಲ ವಿವರಿಸುವರು. ಜೋಡಿಸಿದ ಜಾಗದಲ್ಲಿ ನಿಂತು, "ಇದು ನಮ್ಮ ಸೊಸೆಯ ಕೆಲಸ," ಎನ್ನುವರು.

ಆ ವರ್ಷ ಕೆದಂಬಾಡಿಯ ತವರಿಗೆ ಹೋದಾಗ ಅಲ್ಲಿಯೂ ಹೊಸ ಪೈಪು ಬಂದು, ಎರಡು ತುಂಡಾಗಿ ಅಂಗಳದಲ್ಲಿ ಬಿದ್ದಿತ್ತು; ನೆಂಟರ ಬಾಯಿಂದ ನನ್ನ ಸುದ್ದಿಯೂ ತಲುಪಿತ್ತು. ನಾನು ಚಪ್ಪಲಿ ಬಿಡುವ ಮೊದಲೇ ಅಮ್ಮ ಒಲೆಯ ಮೇಲೆ ನೀರಿಟ್ಟಳು. ಕಾಫಿಗೆ ಎಂದುಕೊಂಡೆ.