ಸಿರಿಲ್ ಮಾಮನ ಟೊಮೆಟೊ ನೋಡಿ ನೆಟ್ಟವರು

ನಮ್ಮೂರಿನ ಸಿರಿಲ್ ರೈಲ್ವೆ ನಿಲ್ದಾಣದ ಕಿಟಕಿಯ ಹಿಂದೆ ಕೂತು ಮೂವತ್ತೆಂಟು ವರ್ಷ ಟಿಕೆಟ್ ಕೊಟ್ಟವರು. ಯಾವ ರೈಲು ಎಷ್ಟು ತಡವಾಗಿ ಬಂತೆಂದು ಅವರು ಒಮ್ಮೆಯೂ ಬರೆದಿಡಲಿಲ್ಲ. ಆದರೆ ತಮ್ಮ ತೋಟದಲ್ಲಿ ವಸಂತದ ಕೊನೆಯ ಹಿಮ ಯಾವತ್ತು ಬಿತ್ತೆಂದು ಇಪ್ಪತ್ತಾರು ವರ್ಷ ತಪ್ಪದೆ ಬರೆದರು.

ಊರು ಕ್ರ್ಕ ನದಿಯ ತಗ್ಗಿನಲ್ಲಿದೆ. ಸೇಬು ಹೂಬಿಟ್ಟು, ಜನ ಅಂಗಿಯ ತೋಳು ಮಡಚಿ ಓಡಾಡಲು ಶುರುಮಾಡಿದ ಮೇಲೂ ಒಂದು ಬೆಳಗ್ಗೆ ಇಬ್ಬನಿ ಹೆಪ್ಪುಗಟ್ಟಿ ಎಳೆ ಸಸಿಗಳನ್ನು ಸುಟ್ಟುಹಾಕುತ್ತದೆ. ಹಾಗಾಗಿ ಹಳಬರು ಮೇ ಹದಿನೈದರ ಸಂತ ಜೋಫಿಯಾಳ ದಿನ ಕಳೆಯದೆ ಟೊಮೆಟೊ ನೆಡುತ್ತಿರಲಿಲ್ಲ. ಆ ದಿನ ಮಳೆ ಹಿಡಿಯುವುದರಿಂದ ಅವಳಿಗೆ ಉಚ್ಚೆ ಜೋಫ್ಕ ಎಂದು ಹೆಸರು. ಪಾದ್ರಿಯ ಎದುರಿಗೂ ಹಾಗೇ ಹೇಳುತ್ತೇವೆ.

ಸಿರಿಲ್‌ಗೆ ಇದೆಲ್ಲ ಅಜ್ಜಿಕತೆ. ಅವರ ಲೆಕ್ಕದಲ್ಲಿ ಕೊನೆಯ ಹಿಮದ ಸರಾಸರಿ ದಿನ ಏಪ್ರಿಲ್ ಇಪ್ಪತ್ತೊಂಬತ್ತು. ಮೂವತ್ತನೆಯ ತಾರೀಕು ಟೋಪಿ ಹಾಕಿಕೊಂಡು, ಸಾಲು ನೇರವಾಗಿರಲೆಂದು ದಾರ ಎಳೆದು, ನಲವತ್ತು ಸಸಿ ನೆಡುತ್ತಿದ್ದರು.

"ಸರಾಸರಿ ಅಂದ್ರೆ ಅರ್ಧಕ್ಕರ್ಧ ವರ್ಷ ಅದಾದ್ಮೇಲೂ ಹಿಮ ಬಿದ್ದಿದೆ ಅಂತ ತಾನೆ?" ಎಂದು ಹೆಂಡತಿ ಪಾವ್ಲ ಒಮ್ಮೆ ಕೇಳಿದ್ದರು.

"ನಿಂಗೆ ವಿಜ್ಞಾನ ಅರ್ಥ ಆಗಲ್ಲ ಬಿಡು."

ಪಾವ್ಲ ಅಲ್ಲಿಗೆ ಬಿಟ್ಟರು. ಆವತ್ತಿನಿಂದ ಪ್ರತಿವರ್ಷ ಇನ್ನೂ ನಲವತ್ತು ಸಸಿಗಳನ್ನು ಮೊಸರಿನ ಖಾಲಿ ಡಬ್ಬಿಗಳಲ್ಲಿ ಅಡುಗೆಮನೆಯ ಕಿಟಕಿಯಲ್ಲಿ ಇಡತೊಡಗಿದರು.

ಸಿರಿಲ್ ನೆಟ್ಟರೆಂದರೆ ನಾವೆಲ್ಲ ಬೇಲಿಗೆ ಬಂದು ನಿಲ್ಲುತ್ತಿದ್ದೆವು. "ನೆಟ್ಟಾಯ್ತಾ ಮಾಮ?" ಎಂದು ಕೇಳಿ, ತಲೆದೂಗಿ, ಮನೆಗೆ ಹೋಗಿ ಸುಮ್ಮನೆ ಕೂರುತ್ತಿದ್ದೆವು. ಅವರ ಸಸಿ ಕಪ್ಪಾದರೆ ಇನ್ನೊಂದು ವಾರ ಕಾಯುವುದು. ಒಂದೆರಡು ಚಳಿಯ ಬೆಳಗ್ಗೆ ದಾಟಿ ಹಸಿರಾಗೇ ನಿಂತರೆ ನಾವೂ ನೆಡುವುದು. ಇಂಥ ಸಂತ ಬೇಲಿಯಾಚೆಗೇ ಇರುವಾಗ ಜೋಫ್ಕಳ ಹಂಗು ಯಾರಿಗೆ ಬೇಕಿತ್ತು? ಸಿರಿಲ್ ಮಾತ್ರ ನಮ್ಮನ್ನು ಶಿಷ್ಯರೆಂದು ತಿಳಿದಿದ್ದರು.

ಕಳೆದ ಮಾರ್ಚಿನಲ್ಲಿ ತೋಟಗಾರರ ಸಂಘದವರು ಅವರಿಂದ ಭಾಷಣ ಮಾಡಿಸಿದರು. ಇಪ್ಪತ್ತಾರು ತಾರೀಕುಗಳನ್ನೂ ಓದಿ ಮುಗಿಸಿ, "ನನ್ನ ಲೆಕ್ಕ ನೋಡಿ ನೆಡೋರು ಎಷ್ಟು ಜನ?" ಎಂದು ಕೇಳಿದರು. ಎಲ್ಲರೂ ಕೈ ಎತ್ತಿದೆವು. ಅವರ ಕಣ್ಣು ಒದ್ದೆಯಾಯಿತು.

ಅಷ್ಟರಲ್ಲಿ ಎರಡು ಲೋಟ ವೈನ್ ಇಳಿಸಿದ್ದ ಬೇಕರಿಯ ಮಿಲ್ಕ ಬಾಯಿಬಿಟ್ಟಳು. "ಲೆಕ್ಕ ಯಾರ್ ನೋಡ್ತಾರೆ ಮಾಮ? ನಿಮ್ ಟೊಮೆಟೊ ಸಾಯತ್ತಾ ಬದುಕತ್ತಾ ಅಂತ ನೋಡ್ತೀವಿ. ನೀವಿಲ್ದಿದ್ರೆ ನಮ್ ಸಸಿನೇ ಸಾಯ್ಬೇಕಿತ್ತು."

ಸಭೆ ಬಿದ್ದು ಬಿದ್ದು ನಕ್ಕಿತು. ನಾನೂ ನಕ್ಕೆ, ಸುಳ್ಳೇಕೆ ಹೇಳಲಿ. ಸಿರಿಲ್ ಪುಸ್ತಕ ಮುಚ್ಚಿದರು, ಟೋಪಿ ಹಾಕಿಕೊಂಡರು, ತಮ್ಮ ಪಾಲಿನ ವಾಲ್‌ನಟ್ ತುಂಬಿದ ಪೊತಿತ್ಸ ಸಿಹಿರೊಟ್ಟಿಯ ತುಂಡನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ಹೊರಟುಹೋದರು.

ಆರು ವಾರ ಯಾರ ಹತ್ತಿರವೂ ಮಾತಿಲ್ಲ. ಇನ್ನು ನೆಡುವುದಿಲ್ಲವೇನೋ ಎಂದು ಊರಿಗೆ ಊರೇ ಕಂಗಾಲಾಯಿತು. ಏಪ್ರಿಲ್ ಮೂವತ್ತರಂದು ಮಾಮ ದಾರ ಎಳೆಯುವುದನ್ನು ಕಂಡಾಗ ನಮಗೆ ಹೋದ ಜೀವ ಬಂದಂತಾಯಿತು.

ಮೇ ಆರರ ಬೆಳಗ್ಗೆ ಸೂರುಗಳೆಲ್ಲ ಬೆಳ್ಳಗಿದ್ದವು. ಓಡಿಹೋಗಿ ನೋಡಿದರೆ ಸಿರಿಲ್ ಸಸಿಗಳು ಹಸಿರಾಗಿ ನಿಂತಿವೆ. ಮರುದಿನವೂ ಹಾಗೇ.

"ಇಷ್ಟು ಚಳಿಗೂ ಸಾಯ್ಲಿಲ್ಲ ಅಂದ್ಮೇಲೆ ಈ ವರ್ಷ ಭಯ ಇಲ್ಲ," ಎಂದಳು ಮಿಲ್ಕ. ಎರಡೇ ದಿನದಲ್ಲಿ ಊರೆಲ್ಲ ನೆಟ್ಟಿತು. ನಾನು ಟೊಮೆಟೊ ಜೊತೆಗೆ ದಪ್ಪ ಮೆಣಸಿನಕಾಯಿಯನ್ನೂ ನೆಟ್ಟೆ.

ಹದಿನಾಲ್ಕರ ಬೆಳಗ್ಗೆ ಎದ್ದು ನೋಡಿದರೆ ನನ್ನ ತೋಟ ಬೇಯಿಸಿದ ಪಾಲಕ್ ಸೊಪ್ಪಿನಂತೆ ನೆಲಕ್ಕಂಟಿತ್ತು. ಮಿಲ್ಕಳದೂ ಅಷ್ಟೆ, ಊರಿನ ಯಾವ ತೋಟವೂ ಉಳಿದಿರಲಿಲ್ಲ. ಬೇಲಿಯಾಚೆ ಮಾತ್ರ ನಲವತ್ತೂ ಹಸಿರು.

ಸಸಿ ಕೇಳಲು ಪಾವ್ಲರ ಅಡುಗೆಮನೆಗೆ ಹೋದೆ. "ನೀವೆಲ್ಲ ಟಿವಿ ವಾರ್ತೆ ಮುಂದೆ ಕೂತಾಗ ಸಿರಿಲ್ ಒಂದೊಂದ್ ಸಸಿಗೂ ಕುಂಡ ಕವುಚಿ ಬರ್ತಿದ್ದ," ಎಂದರು ಆಕೆ. "ನೀವು ಬೆಳಗ್ಗೆ ಕಾಫಿ ಕುಡ್ದು ಈಚೆ ಬರೋ ಹೊತ್ತಿಗೆ ಎಲ್ಲಾ ತೆಗ್ದಿರ್ತಿದ್ದ. ಮೊಣಕಾಲ್ ನೋವು ಅಂತ ಹತ್ತು ವರ್ಷದಿಂದ ಒಂದ್ ಬಕೆಟ್ ಎತ್ತಿರ್ಲಿಲ್ಲ. ಈಗ ಕುಂಡ ಹೊತ್ಕೊಂಡ್ ಹಾಡ್ ಬೇರೆ ಹೇಳ್ತಾನೆ."

"ಒಂದ್ ಮಾತು ಹೇಳ್ಬಾರ್ದಿತ್ತಾ ಅಕ್ಕ?"

"ನೀವ್ ಹೇಳಿದ್ರಾ, ಇಪ್ಪತ್ತಾರು ವರ್ಷ?"

ಕಿಟಕಿಯ ಸಸಿಗಳನ್ನು ಹಂಚಲು ಸಿರಿಲ್ ಒಪ್ಪಿದರು, ಆದರೆ ಒಂದು ಷರತ್ತಿನ ಮೇಲೆ. ಬಂದವರು ನಿಂತುಕೊಂಡು ಎಲ್ಲ ತಾರೀಕುಗಳನ್ನೂ ಕೇಳಬೇಕು. ಕೇಳಿದೆವು. ಮಿಲ್ಕಳಿಗೆ ಎರಡು ಸಲ ಓದಿದರು. ಆ ವರ್ಷದ್ದು ಸೇರಿ ಸರಾಸರಿ ಅರ್ಧ ದಿನ ಮುಂದೆ ಹೋಗಿತ್ತು. ಅದನ್ನು ಮಗುವಿನ ನಾಮಕರಣದಂತೆ ಸಾರಿದರು.

ಶರತ್ಕಾಲದಲ್ಲಿ ಸಂಘದವರು ಅವರನ್ನು ಅವಿರೋಧವಾಗಿ ಅಧ್ಯಕ್ಷರನ್ನಾಗಿ ಆರಿಸಿದರು. ಗೌರವ ಎಂದು ಅವರು ತಿಳಿದರು. ನಾವು ಹೆದರಿದ್ದೆವು, ಅಷ್ಟೆ. ಕೃತಜ್ಞತೆಯ ಭಾಷಣ ಒಂದು ಗಂಟೆ ಹತ್ತು ನಿಮಿಷ ನಡೆಯಿತು, ಒಬ್ಬರೂ ಕೆಮ್ಮಲಿಲ್ಲ.