ಕಂದೀಲಿನ ಸಿನಿಮಾದ ಎರಡನೇ ಭಾಗ

ಯಮನವ್ವನ ಧ್ವನಿಯನ್ನು ನಾನು ಮೊದಲು ಕೇಳಿದ್ದು ನಮ್ಮ ಗ್ಯಾಲರಿಯಲ್ಲಿ ಬಟ್ಟೆ ಒಣಹಾಕುತ್ತಿದ್ದಾಗ. ೧೯೭೭ರ ಚಳಿಗಾಲ. ನನ್ನ ಗಂಡನಿಗೆ ಪುಣೆಗೆ ವರ್ಗವಾಗಿ, ಗದಗಿನಿಂದ ಬಂದು ಕೋಥರೂಡಿನ ಹೊಸ ಸೊಸಾಯಿಟಿಯೊಂದರಲ್ಲಿ ಎರಡು ಕೋಣೆಯ ಮನೆ ಹಿಡಿದು ಒಂದು ತಿಂಗಳಾಗಿತ್ತು. ಆಗಿನ ಕೋಥರೂಡ ಅರ್ಧ ಊರು, ಅರ್ಧ ಹೊಲ. ನನಗೆ ಮರಾಠಿ ಬರುತ್ತಿರಲಿಲ್ಲ. ಕಾಯಿಪಲ್ಲೆಯವಳ ಹತ್ತಿರ ಕೈಸನ್ನೆ ಮಾಡಿ ದಿನ ತಳ್ಳುತ್ತಿದ್ದವಳಿಗೆ, ಎದುರಿನ ಕಟ್ಟಡದ ಉಸುಕಿನ ಗುಡ್ಡೆಯಿಂದ ಅಚ್ಚ ಕನ್ನಡ ಕೇಳಿಬಂತು.

"ಬಾಗಲಾ ಡಬ್ ಅಂತ ಹಾಕಿದ್ಲು ನೋಡ್ರಿ, ಗ್ವಾಡಿನ ಅಲ್ಲಾಡಿತು. ಅದು ರಟ್ಟಿನ ಗ್ವಾಡಿ. ಅಂಥಾ ಮನ್ಯಾಗ ಕುಂತು ನಾ ಶ್ರೀಮಂತಿ ಅಂತ ಅಳ್ತಾಳಂತ."

ಹದಿನೈದಿಪ್ಪತ್ತು ಹೆಂಗಸರು ಬುತ್ತಿ ಬಿಚ್ಚಿಕೊಂಡು ಕೂತಿದ್ದರು. ನಡುವೆ ತಲೆಯ ಮೇಲಿನ ಸಿಂಬೆಯನ್ನೂ ತೆಗೆಯದೆ ನಿಂತು ಮಾತಾಡುತ್ತಿದ್ದವಳು ಯಮನವ್ವ. ಸುರಪುರದ ಕಡೆಯವಳು. ಅವಳ ಗಂಡ ಅಂಬಾರಾಯ ಅದೇ ಕಟ್ಟಡದಲ್ಲಿ ಗೌಂಡಿ. ಅವಳು ಅವನ ಕೈಗೆ ಇಟ್ಟಿಗೆ, ಗಿಲಾಯಿಯ ಗಾರೆ ಒದಗಿಸುವವಳು. ಆಗ ಅವಳಿಗೆ ಮೂವತ್ತರ ಆಸುಪಾಸು ಇದ್ದಿರಬೇಕು. ತನ್ನ ವಯಸ್ಸು ಅವಳಿಗೂ ಗೊತ್ತಿರಲಿಲ್ಲ.

ಭಾನುವಾರ ಕೆಲಸಕ್ಕೆ ರಜೆ. ಅಂದು ಬೆಳಿಗ್ಗೆ ಬಟ್ಟೆ ಒಗೆದು, ತಲೆಗೆ ನೀರು ಹಾಕಿಕೊಂಡು, ಯಮನವ್ವ ಊರೊಳಗಿನ ಡೆಕ್ಕನ್ ಕಡೆಯ ಬಸ್ಸು ಹಿಡಿದು ಮೂರು ಗಂಟೆಯ ಆಟಕ್ಕೆ ಹೋಗುವಳು. ಸೋಮವಾರ ಬುತ್ತಿಯ ಹೊತ್ತಿಗೆ ಆ ಸಿನಿಮಾ ಹೇಗಿತ್ತೆಂದು ಹೇಳುವಳು. ಹೋಗಲಾಗದವರು ಅವಳ ಬಾಯಿಂದಲೇ ನೋಡುತ್ತಿದ್ದರು. ಹೋಗಿ ಬಂದವರೂ ತಾವು ನೋಡಿದ್ದು ಏನೆಂದು ತಿಳಿಯಲು ಬಂದು ಕೂರುತ್ತಿದ್ದರು. ಹಿಂದಿ ಅವಳಿಗೆ ಅಷ್ಟಕ್ಕಷ್ಟೇ. ಆದರೆ ಗೋಡೆ, ಮೆಟ್ಟಿಲು, ಬಾಗಿಲು, ನಾಯಕಿಯ ಕೈ ಎಲ್ಲವನ್ನೂ ಬಿಡದೆ ನೋಡುತ್ತಿದ್ದಳು. ಬಡವಿಯ ಪಾತ್ರ ಮಾಡಿದವಳ ಅಂಗೈ ಮೆತ್ತಗಿದ್ದರೆ ಅವಳಿಗೆ ಆ ಸಿನಿಮಾ ಅಲ್ಲಿಗೇ ಮುಗಿಯಿತು.

ಅವಳ ಜೊತೆ ತಪ್ಪದೆ ಹೋಗುತ್ತಿದ್ದವಳು ಕಾಶವ್ವ. ಇಬ್ಬರದೂ ಒಂದೇ ಸೀಮೆ, ಪಕ್ಕಪಕ್ಕದ ತಗಡಿನ ಪತ್ರಾ ಶೆಡ್ಡು. ಕಾಶವ್ವ ಸಣ್ಣ ಆಳು, ಮಾತು ಕಡಿಮೆ. ಅವಳಿಗೆ ಅಳು ತರಿಸುವ ಸಿನಿಮಾ ಬೇಕು. ಯಮನವ್ವನಿಗೆ ಹೆದರಿಸುವಂಥದ್ದು ಬೇಕು. ಒಬ್ಬಳು ಚಲೋ ಅಂದದ್ದನ್ನು ಇನ್ನೊಬ್ಬಳು ಎಂದೂ ಒಪ್ಪಿದವಳಲ್ಲ. ಅಂಬಾರಾಯ ಮಾತ್ರ ಎಲ್ಲ ಸಿನಿಮಾಕ್ಕೂ ಒಂದೇ ಅಭಿಪ್ರಾಯ ಕೊಡುತ್ತಿದ್ದ. ಟಾಕೀಜಿನಲ್ಲಿ ಫ್ಯಾನು ಚಲೋ ತಿರುಗುತ್ತದೆ, ಮೂರು ತಾಸು ಯಾರೂ ಎಬ್ಬಿಸುವುದಿಲ್ಲ ಎನ್ನುವುದು.

ನಾನು ಅವರ ಪರಿಚಯ ಮಾಡಿಕೊಂಡದ್ದು ನೀರಿನ ನೆವದಿಂದ. ಅವರ ನಳ ನಿಂತಾಗ ನಮ್ಮ ಕೆಳಗಿನ ನೀರಿನ ಟಾಕಿಯಿಂದ ಕೊಡ ತುಂಬಿಕೊಳ್ಳಲು ಹೇಳಿದೆ. ಆಮೇಲೆ ಯಮನವ್ವ ಮೇಲೆ ಬಂದು ಚಹಾ ಕುಡಿಯುವಳು, ನಾನು ನೋಡಿದ ಸಿನಿಮಾದ ಸುದ್ದಿ ಕೇಳುವಳು. ನಾನು "ಚಲೋ ಇತ್ತು" ಅಂದರೆ, "ಏನು ಚಲೋ ಇತ್ತು ಹೇಳ್ರಿ ಅಕ್ಕಾರ" ಎಂದು ಪಟ್ಟು ಹಿಡಿಯುವಳು. ನನಗೆ ಹೇಳಲು ಬರುತ್ತಿರಲಿಲ್ಲ.

೧೯೭೯ರ ಮಳೆಗಾಲದಲ್ಲಿ ಒಂದು ದೆವ್ವದ ಸಿನಿಮಾ ಬಂತು. ಅದರ ಹೆಸರನ್ನು ಅವರು ಯಾರೂ ಹಿಡಿದು ಹೇಳಲಿಲ್ಲ. ಎಲ್ಲರ ಬಾಯಲ್ಲೂ ಅದು ಕಂದೀಲಿನ ಸಿನಿಮಾ. ಗುಡ್ಡದ ಮೇಲೊಂದು ಬಂಗಲೆ. ಬೇಟೆಗೆ ಹೋದ ಗಂಡ ತಿರುಗಿ ಬಂದಿಲ್ಲ. ಹೆಂಡತಿ ದಿನಾ ಸಂಜೆ ಕಂದೀಲು ಹಿಡಿದು ಗೇಟಿನ ಹತ್ತಿರ ನಿಲ್ಲುತ್ತಾಳೆ. ಆ ಬಂಗಲೆಗೆ ಬಾಡಿಗೆಗೆ ಬಂದವರೆಲ್ಲ ಒಬ್ಬೊಬ್ಬರಾಗಿ ಓಡಿಹೋಗುತ್ತಾರೆ. ಕಡೆಗೆ ತಿಳಿಯುವುದೇನೆಂದರೆ ಆಕೆ ಸತ್ತು ನಲವತ್ತು ವರ್ಷವಾಗಿದೆ.

ಸೋಮವಾರ ಮೋಡ ಕವಿದಿತ್ತು, ಮಳೆ ಇರಲಿಲ್ಲ. ನಾನು ಗ್ಯಾಲರಿಯಲ್ಲಿ ಅಕ್ಕಿ ಆರಿಸುತ್ತ ಕೂತಿದ್ದೆ. ಯಮನವ್ವ ಅಂದು ಬಹಳ ಹುರುಪಿನಲ್ಲಿದ್ದಳು. ದೆವ್ವಕ್ಕೆ ತಾನು ಹೆದರಲಿಲ್ಲ, ಕೈ ಹಿಡಿಯಲು ಕಠಡಾ ಇಲ್ಲದ ಮೆಟ್ಟಿಲ ಮೇಲೆ ಒಂದು ಹುಡುಗಿ ಓಡಿ ಹತ್ತಿದಳಲ್ಲ, ಅದಕ್ಕೆ ಹೆದರಿದೆ ಎಂದಳು. ಸತ್ತವಳೊಬ್ಬಳಿಗೆ ಹನ್ನೆರಡು ಕೋಣೆ, ನಾವು ಜೀವಂತ ಇರುವವರು ಐದು ಮಂದಿ ಒಂದು ಪತ್ರಾದ ಕೆಳಗೆ ಎಂದಳು. ಎಲ್ಲರೂ ನಕ್ಕರು. ಆಮೇಲೆ ಬುತ್ತಿಯ ಡಬ್ಬಿಯನ್ನು ಕಂದೀಲಿನಂತೆ ಎತ್ತಿ ಹಿಡಿದು, ಕಣ್ಣು ಅಗಲ ಮಾಡಿ, ಆ ಹೆಂಗಸು ಗೇಟಿನಲ್ಲಿ ನಿಲ್ಲುವುದನ್ನು ಮಾಡಿ ತೋರಿಸಿದಳು.

"ಹೋದಾಂವ ಹೋದ. ಇಕಿ ಸತ್ತರೂ ಗೇಟು ಬಿಡವಲ್ಲಳು. ಇಂಥಾ ಹುಚ್ಚಿ ಎಲ್ಲ್ಯರ ಇರ್ತಾಳೇನ್ರೆ?"

ಯಾರೋ ಒಬ್ಬಳು ನಗುತ್ತಲೇ ಕಾಶವ್ವನ ಕಡೆ ತಿರುಗಿ ನೋಡಿದಳು. ಅವಳ ಹಿಂದೆ ಎಲ್ಲರೂ ನೋಡಿದರು.

ಕಾಶವ್ವನ ಗಂಡ ಫಕೀರಪ್ಪ ಮೂರು ವರ್ಷದ ಹಿಂದೆ ಲೋಣಾವಳಾದಲ್ಲಿ ಹೋಟೆಲು ಕಟ್ಟುವ ಕೆಲಸವಿದೆ ಎಂದು ಹೋದವನು ತಿರುಗಿ ಬಂದಿರಲಿಲ್ಲ. ಸುದ್ದಿಯೂ ಇರಲಿಲ್ಲ. ಕೆಲಸ ಬಿಟ್ಟ ಮೇಲೆ ಕಾಶವ್ವ ಮುಖ ತೊಳೆದುಕೊಂಡು ರಸ್ತೆಯ ತಿರುವಿಗೆ ಹೋಗಿ ನಿಲ್ಲುವುದನ್ನು ನಾವೆಲ್ಲ ದಿನಾ ನೋಡುತ್ತಿದ್ದೆವು. ಬಸ್ಸುಗಳು ಬಂದು ಹೋಗುವವು. ಅವಳು ಒಂದು ತಾಸು ನಿಂತು ಶೆಡ್ಡಿಗೆ ಬರುವಳು. ಆ ಬಗ್ಗೆ ಯಾರೂ ಮಾತಾಡುತ್ತಿರಲಿಲ್ಲ.

ಕಾಶವ್ವ ಅರ್ಧ ರೊಟ್ಟಿಯನ್ನು ಅರಿವೆಯಲ್ಲಿ ಕಟ್ಟಿ, ಎದ್ದು, ಖಾಲಿ ಬುಟ್ಟಿ ಎತ್ತಿಕೊಂಡು ಒಳಗೆ ಹೋದಳು. ಆ ವಾರ ಮುಗಿಯುವುದರೊಳಗೆ ಚಾಕಣದ ಕಡೆ ಗೋದಾಮು ಕಟ್ಟಿಸುತ್ತಿದ್ದ ಬೇರೊಬ್ಬ ಗುತ್ತೇದಾರನ ಲಾರಿ ಹತ್ತಿ ಹೊರಟುಹೋದಳು. ಯಮನವ್ವ ಲಾರಿಯ ಹತ್ತಿರ ಹೋಗಿದ್ದಳಂತೆ. ಕಾಶವ್ವ ಮುಖ ಆ ಕಡೆ ಮಾಡಿಕೊಂಡು ಕೂತಿದ್ದಳಂತೆ.

ಅಂದಿನಿಂದ ಯಮನವ್ವ ಸಿನಿಮಾ ನೋಡುವುದನ್ನು ಬಿಡಲಿಲ್ಲ, ಹೇಳುವುದನ್ನು ಬಿಟ್ಟಳು. ಸೋಮವಾರ ಹೆಂಗಸರು ಕೇಳಿದರೆ "ಹಂಗ ಅದ" ಎಂದು ಊಟ ಮಾಡುವಳು. ಅವರು ಒತ್ತಾಯಿಸಿ ನೋಡಿ ಸುಮ್ಮನಾದರು. ಒಮ್ಮೆ ನನ್ನ ಅಡಿಗೆಮನೆಯ ಹೊಸ್ತಿಲಲ್ಲಿ ಕೂತು ಚಹಾ ಆರಿಸುತ್ತ ತಾನಾಗಿಯೇ ಹೇಳಿದಳು: "ಮಾತು ಅರ್ಧ ಬಾಯಾಗಿದ್ದಾಗನ ನನಗ ಗೊತ್ತಾತ್ರಿ ಅಕ್ಕಾರ, ಇದು ಕಾಶವ್ವನ ಮಾತು ಅಂತ. ಆದ್ರ ಮಂದಿ ನಗಾಕತ್ತಿದ್ರು. ಆ ನಗು ಬಿಡಾಕ ಮನಸಾಗಲಿಲ್ಲ."

ವರ್ಷಗಳು ಹೋದವು. ಎದುರಿನ ಮೂರು ಕಟ್ಟಡ ಮುಗಿದು, ಅವುಗಳ ಹಿಂದೆ ಇನ್ನಾರು ಎದ್ದವು. ನನಗೆ ಮರಾಠಿ ಬಂತು, ಕಾಯಿಪಲ್ಲೆಯವಳ ಜೊತೆ ಜಗಳವಾಡುವಷ್ಟು. ಕೋಥರೂಡಿನ ಹೊಲಗಳಲ್ಲಿ ಸ್ಕೂಟರು ನಿಲ್ಲತೊಡಗಿದವು. ಯಮನವ್ವ ಚಾಕಣದಿಂದ ಬಂದವರ ಹತ್ತಿರ ಎರಡು ಸಲ ಹೇಳಿಕಳಿಸಿದಳು. ಉತ್ತರ ಬರಲಿಲ್ಲ.

೧೯೮೪ರ ದೀಪಾವಳಿ ಕಳೆದ ಮೇಲೆ ಒಂದು ಮುಂಜಾನೆ ಅವಳು ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬಂದಳು. ನನ್ನನ್ನು ಕೈ ಹಿಡಿದು ಕೆಳಗೆ ಕರೆದುಕೊಂಡು ಹೋಗಿ ಬಸ್ ಸ್ಟಾಪಿನ ಹಿಂದಿನ ಗೋಡೆ ತೋರಿಸಿದಳು. ಹೊಸ ಪೋಸ್ಟರು. ಗೇಟು, ಕಂದೀಲು, ಬಿಳಿ ಸೀರೆ. ಅವಳಿಗೆ ಅಕ್ಷರ ಬರದಿದ್ದರೂ ಬಸ್ಸಿನ ನಂಬರಿನಿಂದ ಅಂಕಿ ಗೊತ್ತಿತ್ತು. ಹೆಸರಿನ ಮುಂದಿದ್ದ ಎರಡರ ಅಂಕಿಯ ಮೇಲೆ ಬೆರಳಿಟ್ಟು, ಇದು ಅದೇನಾ ಎಂದು ಕೇಳಿದಳು. ನಾನು ಓದಿ ಹೇಳಿದೆ: ಅದೇ ಬಂಗಲೆ, ಕತೆ ಮುಂದುವರಿಸಿದ್ದಾರೆ, ಗಂಡ ತಿರುಗಿ ಬರುತ್ತಾನಂತೆ.

"ಹಂಗಿದ್ರ ಕಾಶವ್ವ ಬರ್ತಾಳ," ಎಂದಳು. "ಚಾಕಣದಾಗಿರ್ಲಿ, ಎಲ್ಲ್ಯರ ಇರ್ಲಿ. ಇದನ್ನ ನೋಡ್ಲಾರದ ಆಕಿ ಇರೂದಿಲ್ಲ."

ಮೊದಲ ಭಾನುವಾರ ಒಬ್ಬಳೇ ಹೋದಳು. ಆಟ ಶುರುವಾಗುವ ಎರಡು ತಾಸು ಮೊದಲೇ ಹೆಂಗಸರ ಸಾಲಿನ ತುದಿಯಲ್ಲಿ ನಿಂತು ಪ್ರತಿಯೊಬ್ಬರ ಮುಖ ನೋಡಿದಳು. ಕಾಶವ್ವ ಬರಲಿಲ್ಲ. ಎರಡನೇ ಭಾನುವಾರವೂ ಬರಲಿಲ್ಲ. ಸಿನಿಮಾ ಹೇಗಿದೆ ಎಂದು ನಾನು ಕೇಳಿದಾಗ ಯಮನವ್ವ ಐದು ವರ್ಷದ ನಂತರ ಮೊದಲ ಬಾರಿ ತನ್ನ ಹಳೆಯ ಧಾಟಿಯಲ್ಲಿ ಮಾತಾಡಿದಳು. ದೆವ್ವ ಬದಲಾಗಿದೆ, ಈ ಸಲದವಳು ಉಂಡುಟ್ಟು ಸುಖವಾಗಿರುವ ದೆವ್ವ. ಹೆದರಿಸಬೇಕಾದಲ್ಲಿ ಬಣ್ಣಬಣ್ಣದ ದೀಪ ಹಾಕಿದ್ದಾರೆ. ಬೆಕ್ಕು ಒಂದೇ ಚಲೋ ಮಾಡಿದೆ. ಮೂರನೇ ಭಾನುವಾರ ಅವಳ ಮುಖ ನೋಡಲಾರದೆ ನಾನೂ ಜೊತೆಗೆ ಹೊರಟೆ.

ಕಾಶವ್ವ ಸಾಲಿನಲ್ಲಿ ನಿಂತಿದ್ದಳು. ಹಸಿರು ಸೀರೆ ಉಟ್ಟಿದ್ದಳು, ಕಿವಿಯ ಹತ್ತಿರದ ಕೂದಲು ಬೆಳ್ಳಗಾಗಿತ್ತು. ಮೊದಲು ನೋಡಿದವಳು ನಾನು. ಯಮನವ್ವ ಆಮೇಲೆ ನೋಡಿದಳು. ಮೂರು ವಾರದಿಂದ ಮುಖ ಮುಖ ಹುಡುಕಿದವಳು ಈಗ ನನ್ನ ಬೆನ್ನ ಹಿಂದೆ ಸರಿದಳು. ನಾನೇ ಹೋಗಿ ಮಾತಾಡಿಸಿದೆ. ಕಾಶವ್ವ ನನ್ನ ಆರೋಗ್ಯ ವಿಚಾರಿಸಿದಳು, ಯಮನವ್ವನ ಕಡೆ ನೋಡಲಿಲ್ಲ. ಆದರೆ ಸಾಲು ಬಿಟ್ಟು ಹೋಗಲೂ ಇಲ್ಲ. ಮೂರು ಟಿಕೀಟು ಒಟ್ಟಿಗೆ ತೆಗೆಸಿದೆ. ಒಳಗೆ ಇಬ್ಬರ ನಡುವೆ ನಾನು ಕೂತೆ.

ಸಿನಿಮಾ ನಿಜಕ್ಕೂ ಕೆಟ್ಟದಾಗಿತ್ತು. ಗಂಡ ತಿರುಗಿ ಬಂದ ಕೂಡಲೇ ದೆವ್ವ ಅವನ ಜೊತೆ ತೋಟದಲ್ಲಿ ಹಾಡಿ ಕುಣಿಯಿತು. ಮುಂದಿನ ಸಾಲುಗಳಲ್ಲಿ ಸೀಟಿ ಹೊಡೆದರು, ಯಾರೋ ಕಡಲೆಕಾಯಿಯ ಸಿಪ್ಪೆ ತೂರಿದರು. ನನ್ನ ಬಲಕ್ಕೆ ಯಮನವ್ವ ಪರದೆ ನೋಡುತ್ತಿರಲಿಲ್ಲ, ನನ್ನ ಮೇಲಿಂದ ಕಾಶವ್ವನನ್ನು ನೋಡುತ್ತಿದ್ದಳು. ಕಾಶವ್ವ ಮಾತ್ರ ಮೊಣಕಾಲ ಮೇಲೆ ಕೈಯಿಟ್ಟು ಒಂದೇ ನೋಟ ನೋಡುತ್ತ ಕೂತಿದ್ದಳು.

ಮಧ್ಯಂತರದಲ್ಲಿ ದೀಪ ಹತ್ತಿತು. ಜನ ಬಟಾಟೆವಡೆಗೆಂದು ಹೊರಗೆ ಹೋದರು. ನಾವು ಮೂವರೂ ಏಳಲಿಲ್ಲ. ಯಮನವ್ವ ಯಾರಿಗೂ ಅಲ್ಲದ ಹಾಗೆ, ಗೋಡೆಗಳು ಈ ಸಲವೂ ಅಲ್ಲಾಡುತ್ತವೆ ಎಂದಳು. ಕಾಶವ್ವ ಆಮೇಲೆ ಪರದೆಯ ಕಡೆ ಮುಖವಿಟ್ಟುಕೊಂಡೇ ಹೇಳಿದಳು.

"ಫಕೀರಪ್ಪ ಬಂದಿದ್ದ."

ಎರಡು ವರ್ಷದ ಹಿಂದೆ, ಶ್ರಾವಣದಲ್ಲಿ, ಚಾಕಣದ ಶೆಡ್ಡಿಗೆ ವಿಳಾಸ ಹುಡುಕಿಕೊಂಡು ಬಂದಿದ್ದನಂತೆ. ನಾಲ್ಕು ತಿಂಗಳು ಇದ್ದ. ಕೆಲಸಕ್ಕೆ ಹೋಗಲಿಲ್ಲ, ಕುಡಿಯಲಿಲ್ಲ, ಬಡಿಯಲಿಲ್ಲ. ಲೋಣಾವಳಾದಲ್ಲಿ ಚಿಕ್ಕಿ ಅಂಗಡಿಯ ಹೆಂಗಸೊಬ್ಬಳ ಜೊತೆ ಮನೆ ಮಾಡಿದ್ದ. ಅವಳು ಹೊರಗೆ ಹಾಕಿದ್ದಳು. ಇಲ್ಲಿ ಕೂತು ಅಲ್ಲಿಯ ಮಾತು ಆಡುತ್ತಿದ್ದ. ಅಲ್ಲಿಯ ಮಳೆ ಹೀಗೆ, ಅಲ್ಲಿಯ ಮಂಜು ಹಾಗೆ, ಅವಳು ಮಾಡುವ ಸಾರು ಹೀಗೆ. ಒಂದು ದಿನ ಕಾಶವ್ವನೇ ಅವನ ಅರಿವೆ ಒಗೆದು, ಮಡಚಿ, ಚೀಲಕ್ಕೆ ತುಂಬಿ, ಬಸ್ ಸ್ಟ್ಯಾಂಡಿಗೆ ಕರೆದುಕೊಂಡು ಹೋಗಿ ಹತ್ತಿಸಿ ಬಂದಳು.

ಇಷ್ಟನ್ನೂ ಅವಳು ಬೇರೆ ಯಾರದೋ ಸಂಸಾರದ ಮಾತೆಂಬಂತೆ ಹೇಳಿದಳು. ಆಮೇಲೆ ಮೊದಲ ಬಾರಿ ಯಮನವ್ವನ ಕಡೆ ತಿರುಗಿದಳು.

"ಮೊದಲನೇ ಭಾಗನ ಚಲೋ ಇತ್ತು, ಯಮನಿ. ಹಾದಿ ಕಾಯೂಮುಂದ ಆಂವ ಭಾಳ ಚಂದ ಇದ್ದ."

ಯಮನವ್ವನ ಕಣ್ಣಲ್ಲಿ ನೀರು ಬಂದಿತ್ತು. ಸಿನಿಮಾಕ್ಕೆ ಒಂದು ಸಲವೂ ಅಳದ ಹೆಂಗಸು. ಅಂದು ತಾನು ಆಡಿದ್ದು ತಿಳಿಯದೆ ಆಡಿದ್ದಲ್ಲ, ತಿಳಿದೇ ಆಡಿದ್ದು ಎಂದು ಹೇಳಿದಳು. ಕಾಶವ್ವ, "ಗೊತ್ತದ" ಎಂದಳು. ಆ ಮಾತು ಸುಳ್ಳಾಗಿದ್ದರೆ ತಾನು ಕೋಥರೂಡ ಬಿಡುತ್ತಿರಲಿಲ್ಲ ಎಂದೂ ಸೇರಿಸಿದಳು. ಅಷ್ಟರಲ್ಲಿ ದೀಪ ಆರಿತು. ನಾನು ಎದ್ದು ಯಮನವ್ವನನ್ನು ನನ್ನ ಜಾಗಕ್ಕೆ ಸರಿಸಿ, ಅವಳ ಕುರ್ಚಿಯಲ್ಲಿ ಕೂತೆ. ಉಳಿದ ಅರ್ಧ ಸಿನಿಮಾದಲ್ಲಿ ಏನಾಯಿತೋ ನನಗೆ ತಿಳಿಯದು. ಇಬ್ಬರೂ ಪಿಸುಗುಟ್ಟುತ್ತಲೇ ಇದ್ದರು, ಹಿಂದಿನವರು ಮರಾಠಿಯಲ್ಲಿ ಬೈಯುತ್ತಲೇ ಇದ್ದರು.

ಕಾಶವ್ವ ಕೂಡಲೇ ಕೋಥರೂಡಿಗೆ ತಿರುಗಿ ಬರಲಿಲ್ಲ. ಅವಳಿಗೆ ಚಾಕಣದಲ್ಲಿ ಕೆಲಸವಿತ್ತು, ಜನ ಆಗಿದ್ದರು. ತಿಂಗಳಿಗೆ ಒಂದೆರಡು ಭಾನುವಾರ ಬಂದು ಟಾಕೀಜಿನ ಹತ್ತಿರ ಕೂಡುವಳು. ೧೯೮೬ರಲ್ಲಿ ಕಟ್ಟಡಗಳು ಮುಗಿದು ಪತ್ರಾ ಶೆಡ್ಡುಗಳನ್ನು ತೆಗೆಸಿದಾಗ, ಅಂಬಾರಾಯನಿಗೆ ತಾನೇ ಕಟ್ಟಿದ ಸೊಸಾಯಿಟಿಯೊಂದರಲ್ಲಿ ವಾಚಮನ್ನನ ಕೆಲಸ ಸಿಕ್ಕಿತು. ಗೇಟಿನ ಪಕ್ಕದ ಸಣ್ಣ ಕೋಣೆಯಲ್ಲಿ ಸಂಸಾರ. ಮರುವರ್ಷ ಅಲ್ಲಿಯೇ ಮೆಟ್ಟಿಲು ಗುಡಿಸುವ ಕೆಲಸಕ್ಕೆ ಯಮನವ್ವ ಕಾಶವ್ವನನ್ನು ಕರೆಸಿದಳು. ಆಗ ಮನೆಮನೆಗೆ ಟಿವಿ ಬಂದಿತ್ತು. ಭಾನುವಾರ ಸಂಜೆ ಕೆಳಮನೆಯ ಯಜಮಾನಿಯವರು ಇಬ್ಬರನ್ನೂ ಬಾಗಿಲ ಒಳಗೆ ಕೂರಿಸಿಕೊಂಡು ಸಿನಿಮಾ ತೋರಿಸುತ್ತಿದ್ದರು. ಎರಡು ವಾರ ಹೋಗಿ ಬಿಟ್ಟುಬಿಟ್ಟರು. ಅಲ್ಲಿ ಮಾತಾಡುವ ಹಾಗಿಲ್ಲ ಎಂಬುದು ಯಮನವ್ವನ ದೂರು. ಮನುಷ್ಯರು ಗೊಂಬೆಯಷ್ಟು ಕಾಣುತ್ತಾರೆ, ಅವರಿಗಾಗಿ ಅಳುವುದು ಹೇಗೆ ಎಂಬುದು ಕಾಶವ್ವನದು.

೧೯೮೯ರ ಮೇ ತಿಂಗಳಲ್ಲಿ ನನ್ನ ಗಂಡನಿಗೆ ಹುಬ್ಬಳ್ಳಿಗೆ ವರ್ಗವಾಯಿತು. ಸಾಮಾನು ಕಟ್ಟಲು ಇಬ್ಬರೂ ಬೆಳಿಗ್ಗೆಯೇ ಬಂದರು. ಪಾತ್ರೆಗಳನ್ನು ಹುಲ್ಲಿನಲ್ಲಿ ಸುತ್ತುತ್ತ ಯಮನವ್ವ ಹಿಂದಿನ ದಿನ ನೋಡಿದ ಸಿನಿಮಾ ಹೇಳತೊಡಗಿದಳು. ಹಾಳು ಬಾವಿ, ಅದರೊಳಗಿಂದ ಬರುವ ಕೈ. ಕಾಶವ್ವ ನಡುನಡುವೆ ತಡೆದು, ಕೈ ಅಲ್ಲ, ಮೊದಲು ಕಂಡದ್ದು ಬಳೆ ಎಂದು ತಿದ್ದುತ್ತಿದ್ದಳು. ಲಾರಿಯ ಡ್ರೈವರ್ ಹುಲಿಗೆಪ್ಪ ಎಂಬವನು, ಕೊಪ್ಪಳದ ಕಡೆಯವನು. ಬಿಸಿಲೇರುವ ಮೊದಲು ಹೊರಡಬೇಕೆಂದು ಮೊದಲಿಗೆ ಗಡಿಬಿಡಿ ಮಾಡಿದವನು, ಆಮೇಲೆ ಎಂಜಿನ್ ಬಂದ್ ಮಾಡಿ ಬಂದು ನಮ್ಮ ಖಾಲಿ ಕೋಣೆಯ ಗೋಡೆಗೆ ಒರಗಿ ನಿಂತ. ಬಾವಿಯ ಕಲ್ಲುಕಟ್ಟಡ ಸರಿಯಿಲ್ಲ, ಅಂಥ ಬಾವಿ ಒಂದು ಮಳೆಗೂ ನಿಲ್ಲುವುದಿಲ್ಲ ಎಂದು ಯಮನವ್ವ ವಿವರಿಸುವಾಗ ಅವನು ತಲೆಯಾಡಿಸಿದ.

"ಅದಿರ್ಲಿ ಬೇ, ಆ ಬಳಿ ಯಾರದು?" ಎಂದು ಅವನು ಕೇಳಿದ.

ಅದನ್ನು ಹೇಳುವ ಹಕ್ಕು ಯಾರದೆಂದು ಇಬ್ಬರೂ ಒಂದು ಗಳಿಗೆ ಒಬ್ಬರನ್ನೊಬ್ಬರು ನೋಡಿಕೊಂಡರು. ಯಮನವ್ವ ಕಾಶವ್ವನ ಕಡೆ ಕೈ ತೋರಿಸಿ, ಹಂಡೆಗೆ ಹಗ್ಗ ಬಿಗಿಯಲು ಕೂತಳು. ಕಾಶವ್ವ ಸೆರಗು ಸರಿಮಾಡಿಕೊಂಡು ಹೇಳಲು ಶುರುಮಾಡಿದಳು. ನಮ್ಮ ಲಾರಿ ಪುಣೆ ಬಿಟ್ಟಾಗ ಹನ್ನೊಂದು ದಾಟಿತ್ತು.